ಕೊಳೆಗೆ ಒಡೆಯ ಯಾರು?

ಕಾರ್ಖಾನೆಯ ಮುಂಬಾಗಿಲಿನಿಂದ ಹೊರಡುವ ಸರಕಿಗೆ ಒಡೆಯನಿದ್ದಾನೆ; ಅದರ ಮೇಲೆ ಅವನ ಹೆಸರು, ಬೆಲೆ ಎರಡೂ ಅಚ್ಚಾಗಿರುತ್ತವೆ. ಹಿಂಬಾಗಿಲಿನಿಂದ ಹೊರಬೀಳುವ ಕೊಳೆಗೆ ಒಡೆಯ ಯಾರು? ಈ ಪ್ರಶ್ನೆಗೆ ಕಾನೂನು ಉತ್ತರ ಹುಡುಕಿದ ಕಥೆಗೆ ಒಂದೂವರೆ ಶತಮಾನದ ಇತಿಹಾಸವಿದೆ.

ಮೊದಲ ಮುಖ್ಯ ಉತ್ತರ ಬಂದುದು ಇಂಗ್ಲೆಂಡಿನಿಂದ. ಲ್ಯಾಂಕಾಶೈರಿನ ಗಿರಣಿ ಮಾಲೀಕ ರೈಲ್ಯಾಂಡ್ಸ್ ಕಟ್ಟಿಸಿದ ಜಲಾಶಯದ ನೀರು 1860ರಲ್ಲಿ ಫ್ಲೆಚರ್ ಎಂಬಾತನ ಕಲ್ಲಿದ್ದಲ ಗಣಿಗೆ ನುಗ್ಗಿತು. ಅಪಾಯಕಾರಿ ವಸ್ತುವನ್ನು ತನ್ನ ನೆಲದಲ್ಲಿ ಕೂಡಿಟ್ಟವನು, ಅದು ಹೊರಹರಿದು ಹಾನಿಯಾದರೆ, ತನ್ನ ಅಲಕ್ಷ್ಯವಿಲ್ಲದಿದ್ದರೂ ಹೊಣೆಗಾರ ಎಂದು 1868ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. ಆದರೆ ಪ್ರಕೃತಿ ವಿಕೋಪ, ಅನ್ಯರ ಕೃತ್ಯ ಮೊದಲಾದ ಕಾರಣಗಳನ್ನೊಡ್ಡಿ ನುಣುಚಿಕೊಳ್ಳಲು ಅವಕಾಶ ಉಳಿದಿತ್ತು. ಭಾರತದ ನ್ಯಾಯಾಲಯಗಳೂ ಈ ಸೂತ್ರವನ್ನು ಅನುಸರಿಸುತ್ತ ಬಂದವು.

ಭೋಪಾಲ ದುರಂತದ ಮರುವರ್ಷ, 1985ರ ಡಿಸೆಂಬರಿನಲ್ಲಿ, ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿತು. ಈ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿದ್ದ ಸುಪ್ರೀಂ ಕೋರ್ಟಿನ ಪೀಠ 1986ರಲ್ಲಿ ಹಳೆಯ ವಿನಾಯಿತಿಗಳನ್ನೆಲ್ಲ ತೆಗೆದುಹಾಕಿತು. ಅಪಾಯಕಾರಿ ಉದ್ಯಮ ನಡೆಸಿ ಲಾಭ ಪಡೆಯುವವನದೇ ಪೂರ್ಣ ಹೊಣೆ. ಸಂಸ್ಥೆ ದೊಡ್ಡದಾದಷ್ಟೂ ಪರಿಹಾರವೂ ದೊಡ್ಡದಾಗಬೇಕು ಎಂಬುದು ಅದರ ಸಾರ.

ಈ ತತ್ವ ಸತ್ವಪರೀಕ್ಷೆಗೆ ಒಳಗಾದುದು ರಾಜಸ್ತಾನದ ಉದಯಪುರ ಜಿಲ್ಲೆಯ ಬಿಛ್ರಿ ಗ್ರಾಮದಲ್ಲಿ. ಬಣ್ಣಗಳ ತಯಾರಿಕೆಗೆ ಬೇಕಾದ 'ಎಚ್' ಆಮ್ಲವನ್ನು ಅಲ್ಲಿ 1988ರಲ್ಲಿ ರಫ್ತಿಗಾಗಿ ತಯಾರಿಸತೊಡಗಿದರು. ತಯಾರಾದ ಆಮ್ಲ ಸುಮಾರು 375 ಟನ್. ಅದರೊಡನೆ ಹುಟ್ಟಿದ ಕೆಸರಿನಂಥ ತ್ಯಾಜ್ಯ ಸುಮಾರು 2,400 ಟನ್. ಬಯಲಲ್ಲಿ ಸುರಿದ ಆ ತ್ಯಾಜ್ಯದ ವಿಷ ಮಳೆನೀರಿನೊಡನೆ ನೆಲಕ್ಕಿಳಿಯಿತು. ಬಾವಿಗಳ ನೀರಿನ ಬಣ್ಣ ಕೆಟ್ಟಿತು. ಮನುಷ್ಯರಿಗಿರಲಿ, ದನಕರುಗಳಿಗೂ ಬೆಳೆಗೂ ಅದು ಬಾರದಾಯಿತು. ಜನ ದಂಗೆಯೆದ್ದರು, ನಿಷೇಧಾಜ್ಞೆ ಬಂತು. 1989ರ ಜನವರಿಯಲ್ಲಿ ಆಮ್ಲದ ಘಟಕ ಮುಚ್ಚಿತು. ಕೊಳೆ ಮಾತ್ರ ಅಲ್ಲೇ ಉಳಿಯಿತು.

1996ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಬಿ.ಪಿ. ಜೀವನ್ ರೆಡ್ಡಿ ಅವರು ಬರೆದ ತೀರ್ಪು, ಕೆಡಿಸಿದವನೇ ತೆರಬೇಕೆಂಬ ನಿಯಮವನ್ನು ಎತ್ತಿಹಿಡಿಯಿತು. ನೊಂದವರಿಗೆ ಪರಿಹಾರ ಕೊಟ್ಟರೆ ಸಾಲದು, ಕೆಟ್ಟ ನೆಲ, ನೀರುಗಳನ್ನು ಸರಿಪಡಿಸುವ ವೆಚ್ಚವೂ ಅವನದೇ ಎಂದಿತು. ಆ ವೆಚ್ಚದ ಅಂದಾಜು 37.385 ಕೋಟಿ ರೂಪಾಯಿ.

ಹಣ ಬಂತೇ? ಕಂಪನಿ ಅರ್ಜಿಯ ಮೇಲೆ ಅರ್ಜಿ ಹಾಕುತ್ತ ಹೋಯಿತು. ಕೊನೆಗೆ 2011ರ ಜುಲೈಯಲ್ಲಿ ನ್ಯಾಯಮೂರ್ತಿಗಳಾದ ದಲ್ವೀರ್ ಭಂಡಾರಿ ಮತ್ತು ಕನ್ನಡಿಗರಾದ ಎಚ್.ಎಲ್. ದತ್ತು ಅವರ ಪೀಠ, ಅದೇ ಮೊತ್ತವನ್ನು 1997ರಿಂದ ಶೇ. 12ರ ಚಕ್ರಬಡ್ಡಿ ಸೇರಿಸಿ ಕಟ್ಟುವಂತೆ ಆದೇಶಿಸಿತು. ವಿಳಂಬವೂ ಲಾಭದ ದಾರಿಯಾಗಬಾರದೆಂಬುದು ಇದರ ಆಶಯ.

ಈ ನಡುವೆ ಶಾಸನಗಳೂ ಬಿಗಿಯಾದವು. 1989ರಲ್ಲಿ ಅಪಾಯಕಾರಿ ತ್ಯಾಜ್ಯದ ನಿಯಮಗಳು ಬಂದವು. 2010ರ ಹಸಿರು ನ್ಯಾಯಮಂಡಳಿ ಕಾಯ್ದೆ 'ಕೆಡಿಸಿದವನೇ ತೆರಬೇಕು' ಎಂಬುದನ್ನು ತನ್ನ ಕಲಮುಗಳಲ್ಲೇ ಸೇರಿಸಿಕೊಂಡಿತು. 2016ರ ನಿಯಮಗಳ ಪ್ರಕಾರ ಉದ್ಯಮಿ ಇಂಥ ತ್ಯಾಜ್ಯವನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಸಾಗಿಸುವಾಗ ಅದು ಎಲ್ಲಿಂದ ಎಲ್ಲಿಗೆ ಹೋಯಿತೆಂಬ ದಾಖಲೆ ಇರಲೇಬೇಕು.

ಬಿಛ್ರಿಯ ಆಮ್ಲ ತಯಾರಿಕೆ ನಡೆದದ್ದು ಒಂದು ವರ್ಷವೂ ಅಲ್ಲ. ವ್ಯಾಜ್ಯ ನಡೆದದ್ದು ಎರಡು ದಶಕಕ್ಕೂ ಹೆಚ್ಚು. ಕೊಳೆಯ ಲೆಕ್ಕವನ್ನು ಕಾರ್ಖಾನೆಯ ಗೇಟಿನೊಳಗೇ ಕೇಳಬೇಕು. ಅದು ಬಾವಿಗಿಳಿದ ಮೇಲೆ ಕೇಳಿದರೆ, ಉತ್ತರ ಬರುವಷ್ಟರಲ್ಲಿ ಒಂದು ತಲೆಮಾರೇ ಕಳೆದಿರುತ್ತದೆ.