ಚಿತ್ರಕಲೆಯಲ್ಲಿ ಪ್ರಕಾಶ: ಮೋನೆಯಿಂದ ಹಾಕ್ನಿಯವರೆಗೆ

ಯಂತ್ರಫಲಕದ ಮೇಲೆ ಬೆರಳಿನಿಂದ ಬರೆದ ಡಿಜಿಟಲ್ ಚಿತ್ರಗಳನ್ನು ಇಂಪ್ರೆಷನಿಸ್ಟ್ ಪರಂಪರೆಗೆ ಸೇರಿಸುವವರುಂಟು. ಫ್ರಾನ್ಸಿನ ಆ ಚಿತ್ರಕಾರರು ಬೆಳಕನ್ನು ಬಯಸಿದರು. ಈ ಫಲಕವಾದರೋ ತಾನೇ ಬೆಳಗುತ್ತದೆ. ಆದುದರಿಂದ ಅವರ ಬಯಕೆಯು ಇಲ್ಲಿ ಸಿದ್ಧಿಸಿತೆಂದು ಅವರ ವಾದ. ಸಂಬಂಧವು ದಿಟವೇ, ಹೇಳಿದ ಹೇತುವು ಮಾತ್ರ ಸಾಲದೆಂದು ನಮಗೆ ತೋರುತ್ತದೆ.

ಕ್ಲೋದ್ ಮೋನೆಯು ೧೮೭೨ರಲ್ಲಿ ಬರೆದ 'ಇಂಪ್ರೆಷನ್, ಸೂರ್ಯೋದಯ' ಎಂಬ ಚಿತ್ರವು ೧೮೭೪ರಲ್ಲಿ ಪ್ಯಾರಿಸಿನಲ್ಲಿ ಪ್ರದರ್ಶಿತವಾಯಿತು. ಲೂಯಿ ಲೆರ್ವಾ ಎಂಬ ವಿಮರ್ಶಕನು ಪರಿಹಾಸಕ್ಕಾಗಿ ಆ ಹೆಸರನ್ನು ಇಡೀ ಪಂಗಡಕ್ಕೆ ಅಂಟಿಸಿದನು. ಬೈಗುಳವೇ ಬಿರುದಾದುದು ಕಲಾಚರಿತ್ರೆಯಲ್ಲಿ ಇದೊಂದೇ ಅಲ್ಲ.

ಇವರಿಗಿದ್ದ ತೊಡಕು ಎರಡು ಬಗೆಯದು. ಬಣ್ಣವು ತಾನಾಗಿ ಬೆಳಗದು. ತನ್ನ ಮೇಲೆ ಬಿದ್ದ ಬೆಳಕಿನ ಒಂದಂಶವನ್ನು ನುಂಗಿ ಉಳಿದುದನ್ನು ಹೊರಚೆಲ್ಲುವುದು. ಹಲವು ಬಣ್ಣಗಳನ್ನು ಕಲಸಿದಷ್ಟೂ ಅವು ಕಪ್ಪಿಗೇ ಸಮೀಪವಾಗುವುವು. ಆದುದರಿಂದಲೇ ಇವರು ಬಿಡಿಬಿಡಿಯಾದ ಕುಂಚಸ್ಪರ್ಶಗಳನ್ನು ಪಕ್ಕಪಕ್ಕದಲ್ಲಿಟ್ಟರು. ಇನ್ನೊಂದು ತೊಡಕು ಕಾಲದ್ದು. ಮೋನೆಯು ೧೮೯೨ ಮತ್ತು ೧೮೯೩ರಲ್ಲಿ ರೂಆನ್ ನಗರದ ಮಹಾಚರ್ಚನ್ನು ಎದುರಿನ ಕಟ್ಟಡದ ಕಿಟಕಿಯಿಂದ ನೋಡುತ್ತ, ಬೆಳಕು ಮಾರ್ಪಟ್ಟಂತೆಲ್ಲ ಪಟವನ್ನು ಬದಲಿಸುತ್ತ, ಮೂವತ್ತಕ್ಕೂ ಮಿಕ್ಕ ಚಿತ್ರಗಳನ್ನು ತೊಡಗಿದನು. ಎಣ್ಣೆಬಣ್ಣವು ಒಣಗುವುದು ನಿಧಾನ, ಬಿಸಿಲು ಕಾಯದು. ಕಡೆಗೆ ಅವುಗಳನ್ನು ಜಿವರ್ನಿಯ ತನ್ನ ಚಿತ್ರಶಾಲೆಯಲ್ಲಿ ಕುಳಿತು ತಿದ್ದಿ ಮುಗಿಸಿದನು. ಪ್ರತ್ಯಕ್ಷವೊಂದನ್ನೇ ಪ್ರಮಾಣವಾಗಿ ನಂಬಿದವನೂ ಸ್ಮೃತಿಯನ್ನು ಆಶ್ರಯಿಸದೆ ಇರಲಾಗಲಿಲ್ಲ!

ಇನ್ನು ಆಂಗ್ಲ ಚಿತ್ರಕಾರರಾದ ಡೇವಿಡ್ ಹಾಕ್ನಿಯವರ ವಿಚಾರ. ಅವರು ೨೦೦೯ರಲ್ಲಿ ಐಫೋನಿನ ಮೇಲೆಯೂ ೨೦೧೦ರಿಂದ ಐಪ್ಯಾಡಿನ ಮೇಲೆಯೂ ಬರೆಯತೊಡಗಿದರು. ಬ್ರಿಡ್ಲಿಂಗ್ಟನ್ ಎಂಬ ಕಡಲತಡಿಯ ಊರಿನಲ್ಲಿ, ಹಾಸಿಗೆಯಿಂದೇಳದೆಯೇ, ಕಿಟಕಿಯಾಚೆಯ ಅರುಣೋದಯವನ್ನು ಚಿತ್ರಿಸಿದರು. ಕುಂಚ ಹಿಡಿದವನಿಗೆ ಆ ಹೊತ್ತಿನಲ್ಲಿ ಬಣ್ಣ ಕಾಣಬೇಕಾದರೆ ದೀಪ ಬೇಕು. ದೀಪ ಹಚ್ಚಿದೊಡನೆ ಹೊರಗಿನ ಮುಂಬೆಳಗು ಮಂಕಾಗುವುದು. ದೀಪವನ್ನು ನೋಡಲು ಮತ್ತೊಂದು ದೀಪ ಬೇಡವೆಂಬ ನಮ್ಮ ಶಾಸ್ತ್ರಗಳ ದೃಷ್ಟಾಂತದಂತೆ ಫಲಕವು ಸ್ವಪ್ರಕಾಶವಾದುದರಿಂದ ಈ ತೊಡಕು ನೀಗಿತು. ಬಣ್ಣ ಒಣಗುವವರೆಗೆ ಕಾಯುವ ಗೋಜೂ ಇಲ್ಲವಾಯಿತು.

ಇಷ್ಟಕ್ಕೇ ನಿಂತರೆ ಪೂರ್ವಪಕ್ಷವೇ ಗೆದ್ದಂತಾಗುವುದು. ಆದರೆ ಹಾಕ್ನಿಯವರು ೨೦೨೦ರಲ್ಲಿ ನಾರ್ಮಂಡಿಯಲ್ಲಿದ್ದು ಋತುಗಳನ್ನು ಐಪ್ಯಾಡಿನಲ್ಲಿ ಬರೆದು, ಇನ್ನೂರಕ್ಕೂ ಹೆಚ್ಚಿನ ಚಿತ್ರಗಳಿಂದ 'ನಾರ್ಮಂಡಿಯಲ್ಲಿ ಒಂದು ವರ್ಷ' ಎಂಬ ಸುಮಾರು ೯೦ ಮೀಟರು ಉದ್ದದ ಪಟವನ್ನು ಸಂಯೋಜಿಸಿದರು. ಅದು ೨೦೨೧ರ ಅಕ್ಟೋಬರಿನಲ್ಲಿ ಪ್ಯಾರಿಸಿನ ಒರಾಂಜೆರಿ ಸಂಗ್ರಹಾಲಯವನ್ನು ಸೇರಿತು. ಮೋನೆಯ ನೈದಿಲೆಯ ಮಹಾಚಿತ್ರಗಳು ೧೯೨೭ರಲ್ಲಿ ಲೋಕಕ್ಕೆ ತೆರೆದುದೂ ಅಲ್ಲಿಯೇ. ಗೋಡೆಯ ಮೇಲಿದ್ದುದಾದರೋ ಬೆಳಗುವ ಫಲಕವಲ್ಲ, ಕಾಗದದ ಮೇಲಿನ ಮುದ್ರಣ. ಅದನ್ನು ಕಾಣಲು ಮೋನೆಯ ಪಟಕ್ಕೆ ಬೇಕಾದಂತೆಯೇ ಹೊರಗಿನ ಬೆಳಕು ಬೇಕು. ಫಲಕದ ಕಾಂತಿಯೇ ಪರಂಪರೆಗೆ ಕಾರಣವಾಗಿದ್ದರೆ ಅದು ಆ ಗೋಡೆಯಲ್ಲಿಯೇ ಮುಗಿಯಬೇಕಾಗಿತ್ತು. ಮುಗಿಯಲಿಲ್ಲ. ರೂಆನಿನಲ್ಲಿ ಮೋನೆಗೆ ಕೈತಪ್ಪಿದ ಕ್ಷಣಗಳು ಇಲ್ಲಿ ಸಾಲಾಗಿ ನಿಂತಿವೆ: ಬರಿಯ ಕೊಂಬೆ, ಹೂ, ಮಳೆ, ಹಸಿರು, ನೋಡುವವನು ನಡೆಯುತ್ತ ಹೋದಂತೆ ವರ್ಷವೂ ಅವನ ಜೊತೆಯಲ್ಲಿ ನಡೆಯುತ್ತದೆ.