ನಡುರಾತ್ರಿಯ ಹಾಡು: ಸೆರೆಮನೆಯಲ್ಲಿ ಹಾಡುವವರು ಯಾರು?

ಸೆರೆಯಲ್ಲಿರುವವರ ಭೇಟಿ ಧರ್ಮಸಭೆಗೆ ಹೊಸದಲ್ಲ. ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯದಲ್ಲಿ ಪ್ರಭು ಯೇಸು ಸೆರೆಯಾಳಿನೊಡನೆ ತಮ್ಮನ್ನೇ ಗುರುತಿಸಿಕೊಂಡಿದ್ದಾರೆ. ಅದರಂತೆ ಕ್ರಿಸ್ತಜಯಂತಿಯ ದಿನಗಳಲ್ಲಿ ನಾವು ಗಾಯಕವೃಂದದೊಡನೆ ಕಾರಾಗೃಹಕ್ಕೆ ಹೋಗುತ್ತೇವೆ. ಹಾಡುತ್ತೇವೆ, ಸಿಹಿ ಹಂಚುತ್ತೇವೆ, ಹಿಂತಿರುಗುತ್ತೇವೆ. ಬಂದಿಗಳು ಸಾಲಾಗಿ ಕುಳಿತು ಕೇಳುತ್ತಾರೆ. ಈ ಸೇವೆಯನ್ನು ಹಗುರಾಗಿ ಕಾಣುವುದು ನಮ್ಮ ಉದ್ದೇಶವಲ್ಲ. ಆದರೆ ಸೆರೆಮನೆಯ ಹಾಡಿನ ಚರಿತ್ರೆ ನಮ್ಮ ಮುಂದೆ ಒಂದು ಪ್ರಶ್ನೆಯನ್ನಿಡುತ್ತದೆ: ಅಲ್ಲಿ ಹಾಡಬೇಕಾದವರು ಯಾರು?

ಪ್ರೇಷಿತರ ಕಾರ್ಯಕಲಾಪಗಳ 16ನೆಯ ಅಧ್ಯಾಯ ಈ ಚರಿತ್ರೆಯ ಮೊದಲ ಪುಟ. ಫಿಲಿಪ್ಪಿಯಲ್ಲಿ ನಡುರಾತ್ರಿ ಹಾಡಿದವರು ಹೊರಗಿನಿಂದ ಬಂದ ಭೇಟಿಗಾರರಲ್ಲ. ಛಡಿಯೇಟು ತಿಂದು, ಕಾಲಿಗೆ ಕೋಳ ತೊಡಿಸಿಕೊಂಡಿದ್ದ ಪೌಲ ಮತ್ತು ಸೀಲ. ಉಳಿದ ಬಂದಿಗಳು ಆಲಿಸುತ್ತಿದ್ದರು. ಭೂಕಂಪದಿಂದ ಬಾಗಿಲುಗಳು ತೆರೆದುಕೊಂಡರೂ ಯಾರೊಬ್ಬರೂ ಓಡಿಹೋಗಲಿಲ್ಲ. ಪ್ರಾಣ ಕಳೆದುಕೊಳ್ಳಲು ಹೊರಟ ಕಾವಲುಗಾರನನ್ನು ಪೌಲನು ತಡೆದಾಗ, ಅವನ 'ನಾವು' ಎಂಬ ಮಾತಿನೊಳಗೆ ಆ ಅಪರಿಚಿತ ಬಂದಿಗಳೂ ಸೇರಿದ್ದರು. ಹಾಡು ಬಾಗಿಲನ್ನು ತೆರೆಯಿತೆಂದು ಸಂತ ಲೂಕನು ಬರೆದಿಲ್ಲ. ಆದರೆ ಹಾಡಿದವರೂ ಆಲಿಸಿದವರೂ ಒಂದೇ ಸಮುದಾಯವಾದುದನ್ನು ಅವನ ಬರಹ ತೋರಿಸುತ್ತದೆ.

ಇದರ ಪ್ರತಿಧ್ವನಿಯನ್ನು 1941ರಲ್ಲಿ ಆಶ್ವಿಟ್ಜ್ ಶಿಬಿರದಲ್ಲಿ ಕೇಳುತ್ತೇವೆ. ಸಹಬಂದಿಯೊಬ್ಬನಿಗೆ ಬದಲಾಗಿ ಉಪವಾಸದ ಸಾವನ್ನು ಸ್ವೀಕರಿಸಿದ ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆಯವರ ಕೋಣೆಯಿಂದ ಪ್ರಾರ್ಥನೆಯೂ ಸ್ತುತಿಗೀತೆಗಳೂ ಕೇಳಿಬರುತ್ತಿದ್ದವು. ನೆರೆಯ ಕೋಣೆಗಳವರೂ ದನಿಗೂಡಿಸುತ್ತಿದ್ದರು ಎಂದು ಅಲ್ಲಿ ದುಭಾಷಿಯಾಗಿದ್ದ ಬಂದಿ ಸಾಕ್ಷ್ಯ ನುಡಿದಿದ್ದಾನೆ. ಆಗಸ್ಟ್ 14ರಂದು ಅವರನ್ನು ಕೊಲ್ಲಲಾಯಿತು. ಅಂದು ಹಾಡು ಯಾರನ್ನೂ ಬಿಡಿಸಲಿಲ್ಲ. ಆದರೆ ಸಾಯುವವರನ್ನು ಒಂಟಿಯಾಗಿಸುವ ಅಧಿಕಾರವನ್ನು ಶಿಬಿರದಿಂದ ಅದು ಕಸಿದುಕೊಂಡಿತು.

ನಮ್ಮ ನಾಡಿನಲ್ಲಿ ಇದಕ್ಕೆ ಸಮೀಪವಾದ ಪ್ರಯತ್ನ ರಂಗಭೂಮಿಯಿಂದ ಬಂದಿತು. 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಮೈಸೂರಿನಲ್ಲಿ ಆರಂಭವಾದ ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿಯವರು 'ಸಂಕಲ್ಪ' ತಂಡದ ಮೂಲಕ ಬಂದಿಗಳಿಂದಲೇ ನಾಟಕ ಆಡಿಸಿದರು. 'ಮ್ಯಾಕ್‌ಬೆತ್'ನ ಆಧಾರದಲ್ಲಿ ಎಚ್.ಎಸ್. ಶಿವಪ್ರಕಾಶರು ರಚಿಸಿದ 'ಮಾರನಾಯಕನ ದೃಷ್ಟಾಂತ'ವನ್ನು, ಕೊಲೆಗಾರನ ಅಂತಸ್ಸಾಕ್ಷಿಯ ಆ ಕಥೆಯನ್ನು, ಸೆರೆಯಾಳುಗಳು ಅಭಿನಯಿಸಿದರು. ಕನ್ನಡ ರಂಗಭೂಮಿಯಲ್ಲಿ ಹಾಡು ನಾಟಕದ ಉಸಿರು. ಮೇಳದಲ್ಲಿ ನಿಂತವನು ಪಕ್ಕದವನ ದನಿಯನ್ನು ಆಲಿಸಬೇಕು, ತನ್ನ ಸರದಿಗೆ ಕಾಯಬೇಕು, ತಾಳವನ್ನು ಮೀರಬಾರದು. ಅಪರಾಧಿಗೆ ಸಂತೋಷವೇಕೆ, ನೊಂದವರಿಗೆ ಇದು ಅನ್ಯಾಯವಲ್ಲವೇ ಎಂಬ ಆಕ್ಷೇಪಕ್ಕೆ ಉತ್ತರವೂ ಇಲ್ಲಿದೆ: ಮೇಳದ ಹಾಡು ಬಹುಮಾನವಲ್ಲ, ಮತ್ತೊಬ್ಬರಿಗೆ ಜಾಗ ಬಿಡುವ ಅಭ್ಯಾಸ. ಅದು ತಪ್ಪನ್ನು ಅಳಿಸುವುದಿಲ್ಲ. ತಪ್ಪನ್ನು ಒಪ್ಪಿಕೊಳ್ಳಬಲ್ಲ ಮನುಷ್ಯನನ್ನು ಎಚ್ಚರಿಸಬಹುದು.

1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಪವಿತ್ರ ಆರಾಧನೆಯ ಕುರಿತ ಸಂವಿಧಾನದಲ್ಲಿ ಭಕ್ತಜನರು ಮೂಕಪ್ರೇಕ್ಷಕರಾಗದೆ ಪೂರ್ಣವಾಗಿ, ಅರಿವಿನಿಂದ, ಸಕ್ರಿಯವಾಗಿ ಪಾಲ್ಗೊಳ್ಳಬೇಕೆಂದು ಬೋಧಿಸಿತು. ಸೆರೆಮನೆಯ ಗೋಡೆಯ ಬಳಿಗೆ ಬಂದೊಡನೆ ಈ ಬೋಧನೆ ನಿಂತುಹೋಗಬೇಕೇ? ಕ್ಯಾಸಂಬಳ್ಳಿ, ಕೋಲಾರ ಚಿನ್ನದ ಗಣಿ, ಬಂಗಾರಪೇಟೆಗಳ ಈ ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು ಒಂದೇ ಬೀದಿಯಲ್ಲಿ ಬಾಳುತ್ತವೆ. ಅನತಿದೂರದ ಕೈವಾರದ ಯೋಗಿ ನಾರೇಯಣರು ಕನ್ನಡ, ತೆಲುಗು ಎರಡರಲ್ಲಿಯೂ ಪದ ಕಟ್ಟಿದರು. ಒಬ್ಬರು ಹೇಳಿಕೊಟ್ಟು ಎಲ್ಲರೂ ಮರುನುಡಿಯುವ ಭಜನೆಯ ಕ್ರಮ ಇಲ್ಲಿನ ಹಳ್ಳಿಗಳಲ್ಲಿ ಬೆಳೆದವರಿಗೆ ಹೊಸದಲ್ಲ. ಅದಕ್ಕೆ ಅಕ್ಷರ ಬೇಕಿಲ್ಲ, ವಾದ್ಯ ಬೇಕಿಲ್ಲ, ಚಪ್ಪಾಳೆಯೊಂದು ಸಾಕು.

ಆದುದರಿಂದ ಸೇವೆಗೆ ಸಿದ್ಧರಾಗುತ್ತಿರುವ ನಮ್ಮ ಗುರುಮಠದ ವಿದ್ಯಾರ್ಥಿಗಳಿಗೆ ನಮ್ಮ ಬಿನ್ನಹವಿಷ್ಟೆ: ಮುಂದಿನ ಬಾರಿ ಸೆರೆಮನೆಗೆ ಹೋದಾಗ ಮೊದಲ ಹಾಡನ್ನು ಅಲ್ಲಿರುವವರಿಂದಲೇ ಕೇಳಿರಿ, ಪಲ್ಲವಿಯನ್ನು ಅವರಿಂದಲೇ ಕಲಿಯಿರಿ. ಫಿಲಿಪ್ಪಿಯ ಕಾವಲುಗಾರನು ಅದೇ ರಾತ್ರಿ ಬಂದಿಗಳ ಗಾಯ ತೊಳೆದನು, ಅವರ ಕೈಯಿಂದಲೇ ದೀಕ್ಷಾಸ್ನಾನ ಪಡೆದನು. ಕೊಡುವವರು ಯಾರು, ಪಡೆಯುವವರು ಯಾರು ಎಂಬ ನಮ್ಮ ಲೆಕ್ಕ ಅಂದೇ ತಲೆಕೆಳಗಾಗಿದೆ.