ನೂರರ ಲೆಕ್ಕದಲ್ಲಿ ಮೂವತ್ತಾರು ಕಾರು

ಶಿವಮೊಗ್ಗದಲ್ಲಿ ಆರ್ಟಿಕಲ್‌ಶಿಪ್ ಮಾಡುತ್ತಿದ್ದಾಗ ಒಂದು ಅಕ್ಕಿ ಗಿರಣಿಯ ದಾಸ್ತಾನು ಎಣಿಸಲು ಹೋಗಿದ್ದೆ. ಬೆಳಿಗ್ಗೆ ಎಣಿಸಿದ ಮೂಟೆಗಳೇ, ನಾನು ಊಟ ಮುಗಿಸಿ ಬರುವಷ್ಟರಲ್ಲಿ, ಪಕ್ಕದ ಗೋದಾಮಿಗೆ ಹೋಗಿ ಕುಳಿತಿದ್ದವು. ಇಂಗ್ಲೆಂಡಿಗೆ ಬಂದ ಮೇಲೆ ಫೆರಾರಿ 250 ಜಿಟಿಒ ಕಥೆ ಕೇಳಿದಾಗ ನೆನಪಾದದ್ದು ಆ ಮೂಟೆಗಳೇ.

ಜಿಟಿಒದ 'ಒ' ಅಂದರೆ ಒಮೊಲೊಗಾಟೊ, ಮಾನ್ಯತೆ ಪಡೆದದ್ದು. ಪ್ರಮಾಣಪತ್ರವನ್ನೇ ಹೆಸರಾಗಿ ಇಟ್ಟುಕೊಂಡ ಕಾರು! ಜಿಟಿ ವರ್ಗದಲ್ಲಿ ಓಡಬೇಕಾದರೆ ಒಂದು ವರ್ಷದಲ್ಲಿ ನೂರು ಕಾರು ತಯಾರಾಗಬೇಕೆಂಬುದು ಎಫ್‌ಐಎ ನಿಯಮ. 1962ರಿಂದ 1964ರವರೆಗೆ ಫೆರಾರಿ ಕಟ್ಟಿದ್ದು ಮೂರು ಲೀಟರ್ ಎಂಜಿನ್ನಿನ 36 ಮಾತ್ರ. ತಪಾಸಣೆಗೆ ಬಂದವರಿಗೆ ಒಂದೇ ಕಾರುಗಳನ್ನು ಜಾಗ ಬದಲಿಸಿ ತೋರಿಸಿದರು ಎಂದು ಅಭಿಮಾನಿಗಳು ನಗುತ್ತಾ ಹೇಳುತ್ತಾರೆ. ಕಡತದ ಕಥೆ ಬೇರೆ. ಅದಾಗಲೇ ನೂರಕ್ಕೂ ಹೆಚ್ಚು ತಯಾರಾಗಿದ್ದ 250 ಜಿಟಿಯ ಸುಧಾರಿತ ರೂಪವೆಂದು ಇದಕ್ಕೆ ಮಾನ್ಯತೆ ಸಿಕ್ಕಿತು. ಹೊಸ ಖಾತೆ ತೆರೆಯಲಿಲ್ಲ, ಹಳೆಯದಕ್ಕೇ ಜಮಾ ಮಾಡಿದರು.

ಕಾರು ಮಾತ್ರ ಹೊಸದೇ. ಜೊಟ್ಟೊ ಬಿಜ್ಜಾರಿನಿ ಎಂಜಿನ್ನನ್ನು ಹಿಂದಕ್ಕೆ ಸರಿಸಿ ತಗ್ಗಿಸಿದರು. ಎಣ್ಣೆಯನ್ನು ಎಂಜಿನ್ನಿನ ಅಡಿಯ ತಟ್ಟೆಯ ಬದಲು ಪ್ರತ್ಯೇಕ ಟ್ಯಾಂಕಿನಲ್ಲಿಟ್ಟಿದ್ದರಿಂದ ಅದು ಸಾಧ್ಯವಾಯಿತು, ಮೂತಿಯೂ ತಗ್ಗಿತು. 2953 ಸಿಸಿ, ಹನ್ನೆರಡು ಸಿಲಿಂಡರ್, ಆರು ವೆಬರ್ ಕಾರ್ಬ್ಯುರೇಟರ್, ಸುಮಾರು 300 ಅಶ್ವಶಕ್ತಿ. ವೇಗ ತೋರಿಸುವ ಮೀಟರೇ ಇಲ್ಲ. 1961ರ ಕೊನೆಯಲ್ಲಿ ಬಿಜ್ಜಾರಿನಿ ಸೇರಿ ಹಿರಿಯರ ಒಂದು ಗುಂಪೇ ಕಂಪನಿ ಬಿಟ್ಟು ಹೊರನಡೆಯಿತು. ಉಳಿದ ಕೆಲಸ 26ರ ಹುಡುಗ ಮೌರೊ ಫೋರ್ಗಿಯೇರಿಯ ಹೆಗಲಿಗೆ ಬಿತ್ತು. ಅಲ್ಯೂಮಿನಿಯಂ ಮೈ ಸ್ಕಾಲ್ಯೆಟ್ಟಿಯ ಕಾರ್ಖಾನೆಯಲ್ಲಿ ಕೈಯಿಂದಲೇ ತಟ್ಟಿದ್ದು. ಹಾಗಾಗಿ ಯಾವ ಎರಡೂ ತದ್ವತ್ ಒಂದೇ ಅಲ್ಲ.

1962ರ ಮಾರ್ಚ್‌ನಲ್ಲಿ ಸೆಬ್ರಿಂಗ್‌ನ 12 ತಾಸಿನ ಓಟದಲ್ಲಿ ಫಿಲ್ ಹಿಲ್ ಮತ್ತು ಒಲಿವಿಯೇ ಜೆಂಡೆಬಿಯನ್ ಒಟ್ಟಾರೆ ಎರಡನೆಯವರಾದರು, ಜಿಟಿಯಲ್ಲಿ ಮೊದಲಿಗರು. ಅದೇ ವರ್ಷ ಲೆ ಮಾನ್‌ನಲ್ಲಿ ಗಿಶೆ ಮತ್ತು ನೊಬ್ಲೆ ಅದನ್ನೇ ಮಾಡಿದರು. 1962, 63, 64, ಮೂರು ವರ್ಷವೂ ದೊಡ್ಡ ಎಂಜಿನ್ನುಗಳ ಜಿಟಿ ಚಾಂಪಿಯನ್‌ಶಿಪ್ ಫೆರಾರಿಗೇ.

ಹಳೆಯ ಜಾಣತನವನ್ನು ಎಂಜೊ ಫೆರಾರಿ ಇನ್ನೊಮ್ಮೆ ಪ್ರಯತ್ನಿಸಿದರು. ಚಾಲಕನ ಹಿಂದೆ ಎಂಜಿನ್ ಇರುವ 250 ಎಲ್‌ಎಂ ಕೂಡ ಹಳೆಯ 250ರ ಸುಧಾರಣೆಯೇ ಎಂದರು. ಈ ಸಲ ಎಫ್‌ಐಎ ಒಪ್ಪಲಿಲ್ಲ. ಸಿಟ್ಟಿನಲ್ಲಿ ಇಟಲಿಯ ಲೈಸೆನ್ಸ್ ಹಿಂದಿರುಗಿಸಿ, 1964ರ ಕೊನೆಯ ಎರಡು ಫಾರ್ಮುಲಾ ಒನ್ ಓಟಗಳಲ್ಲಿ ಕೆಂಪು ಬಿಟ್ಟು ನೀಲಿ-ಬಿಳಿ ಬಣ್ಣದ ಕಾರು ಇಳಿಸಿದರು. ಜಾನ್ ಸರ್ಟೀಸ್ ವಿಶ್ವ ಚಾಂಪಿಯನ್ ಆದದ್ದು ಆ ಬಣ್ಣದಲ್ಲೇ. ಆಡಿಟರ್ ಆಗಿ ನಾನು ಎಫ್‌ಐಎ ಪಕ್ಷ. ಆದರೆ ಮೊದಲ ಸಲವೂ ಅಷ್ಟೇ ಕಟ್ಟುನಿಟ್ಟಾಗಿದ್ದರೆ ಜಿಟಿಒ ಹುಟ್ಟುತ್ತಲೇ ಇರಲಿಲ್ಲವಲ್ಲ ಎಂದು ಹೊಟ್ಟೆಯೊಳಗೆ ಏನೋ ಚುರುಕ್ ಎನ್ನುತ್ತದೆ.

ಅಮೆರಿಕದಲ್ಲಿ ಹೊಸದಾಗಿ ಸುಮಾರು 18,000 ಡಾಲರಿಗೆ ಸಿಗುತ್ತಿದ್ದ ಈ ಕಾರು 2018ರ ಹರಾಜಿನಲ್ಲಿ 4.84 ಕೋಟಿ ಡಾಲರಿಗೆ ಹೋಯಿತು. ನೂರಕ್ಕೆ ಬಿದ್ದ 64ರ ಖೋತಾ ಈಗ ಬೆಲೆಯಾಗಿ ನಿಂತಿದೆ.

1962 ಮತ್ತು 63ರ ಟೂರಿಸ್ಟ್ ಟ್ರೋಫಿಯನ್ನು ಜಿಟಿಒ ಗೆದ್ದ ಗುಡ್‌ವುಡ್‌ನಲ್ಲೇ ನಾನು ಅದನ್ನು ಮೊದಲು ಹತ್ತಿರದಿಂದ ನೋಡಿದೆ. ಷಾಸಿ ನಂಬರ್ ಎಲ್ಲಿದೆ ಎಂದು ಬಗ್ಗಿ ಹುಡುಕುತ್ತಿದ್ದೆ. ಕಾವಲಿನವರು ನಯವಾಗಿಯೇ ಹಗ್ಗದಾಚೆ ನಿಲ್ಲಲು ಹೇಳಿದರು.